ನಮ್ಮ ಭಾವನಿಗೊಂದು ಕೆಲಸ ಬೇಕಾಗಿದೆ

ನಮ್ಮ ಭಾವ ನೌಕಾಪಡೆಯಿಂದ ನಿವೃತ್ತರಾಗಿದ್ದಾರೆಂದು ಸರ್ಕಾರ ನಂಬಿದೆ. ಪಾಪ, ಸರ್ಕಾರಕ್ಕೆ ಇಂಥ ತಪ್ಪು ಮಾಹಿತಿ ಎಷ್ಟೋ ಹೋಗುತ್ತಿರುತ್ತದೆ! ಹಾರ ಹಾಕಿ, ಕೈ ಕುಲುಕಿ, ಫೋಟೋ ತೆಗೆದು ಕಳಿಸಿಕೊಟ್ಟ ಮಾತ್ರಕ್ಕೆ ಮನುಷ್ಯ ನಿವೃತ್ತನಾಗಿಬಿಡುತ್ತಾನೆಯೆ? ಅವರು ಹಡಗಿನಿಂದ ಇಳಿದದ್ದು ನಿಜ. ಇಳಿದವರು ನೇರವಾಗಿ ಹೊನ್ನಾವರದ ಪಕ್ಕದ ಕಾಸರಕೋಡಿಗೆ ಬಂದು ನಮ್ಮ ಅಕ್ಕನ ಮನೆಯನ್ನೇ ಹಡಗು ಮಾಡಿಕೊಂಡರು. ಹೆಂಚಿನ ಮನೆ, ಹಿಂದೆ ಬಾವಿ, ಮುಂದೆ ಮೀನು ಒಣಗಿಸುವ ಮರಳಿನ ಅಂಗಳ. ತೇಲುವುದೊಂದು ಬಿಟ್ಟರೆ ಹಡಗಿಗೆ ಬೇಕಾದದ್ದೆಲ್ಲ ಅಲ್ಲಿದೆ ಎಂಬುದು ಅವರ ಅಭಿಪ್ರಾಯ.

ನಮ್ಮಲ್ಲಿ ನಿವೃತ್ತಿ ಎಂದರೆ ತಲೆ ನೆರೆತಿರಬೇಕು, ಮೊಣಕಾಲು ನೋಯಬೇಕು, ದಿನಪತ್ರಿಕೆಯನ್ನು ಜಾಹೀರಾತು ಸಮೇತ ಓದಬೇಕು. ಭಾವನಿಗೆ ಇನ್ನೂ ನಲವತ್ತರ ಆಸುಪಾಸು. ತಲೆಯಲ್ಲಿ ಒಂದು ಬಿಳಿಕೂದಲಿಲ್ಲ. ಮೊಣಕಾಲುಗಳಂತೂ ನನ್ನ ಔಷಧಿ ಅಂಗಡಿಗೆ ಒಂದು ಪೈಸೆಯ ವ್ಯಾಪಾರ ಕೊಡುವಂಥವಲ್ಲ. ಇಷ್ಟು ಗಟ್ಟಿಮುಟ್ಟಾದ ಮನುಷ್ಯ ಬೆಳಗಿನಿಂದ ಸಂಜೆಯವರೆಗೆ ಮನೆಯಲ್ಲಿದ್ದರೆ ಎಂತ ಆಗುತ್ತದೆ? ಮನೆಯಲ್ಲಿ ಉಳಿದವರಿಗೆ ಆಗುತ್ತದೆ!

ಅಕ್ಕನದು ಒಣಮೀನಿನ ವ್ಯಾಪಾರ. ಗಂಡ ಹಡಗಿನಲ್ಲಿದ್ದ ಹದಿನೈದು ವರ್ಷವೂ ಬೋಟುಗಳು ಬಂದು ನಿಲ್ಲುವ ದಕ್ಕೆಗೆ ಹೋಗಿ, ಮೀನು ಹಿಡಿದು ತಂದವರ ಜತೆ ಚೌಕಾಶಿ ಮಾಡಿ, ಉಪ್ಪು ಹಾಕಿ, ಒಣಗಿಸಿ, ಘಟ್ಟದ ಮೇಲಿನ ವ್ಯಾಪಾರಿಗಳಿಗೆ ಮಾರಿ ಮನೆ ನಡೆಸಿದವಳು. ಭಾವ ಬಂದ ಮರುದಿನ ಅಂಗಳ ನೋಡಿ ಮುಖ ಗಂಟು ಹಾಕಿದರಂತೆ. ಮೀನುಗಳು ಸಾಲಾಗಿಲ್ಲ! ಸಂಜೆ ನಾನು ಹೋಗಿ ನೋಡಿದರೆ ಬಂಗಡೆಗಳೆಲ್ಲ ಎತ್ತರದ ಪ್ರಕಾರ ನಿಂತು, ಕ್ಷಮಿಸಿ, ಮಲಗಿ, ತಲೆಯೆಲ್ಲ ಒಂದೇ ದಿಕ್ಕಿಗೆ ತಿರುಗಿಸಿ ಪರೇಡಿಗೆ ತಯಾರಾಗಿದ್ದವು. ಕಾಗೆ ಓಡಿಸಲು ಮನೆಯವರಿಗೆಲ್ಲ ಪಾಳಿ ಹಾಕಿ ಗೋಡೆಗೆ ಅಂಟಿಸಿದ್ದರು. ಅಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ನಮ್ಗೆ ಡ್ಯೂಟಿ ಹಾಕಿದ್ದಾತು. ಕಾಗೆಗೂ ಎಷ್ಟೊತ್ತಿಗೆ ಬರ್ಬೇಕು ಹೇಳಿ ಬರ್ದು ಅಂಟ್ಸಿ!"

ಭಾವ ಸ್ವಲ್ಪ ಯೋಚಿಸಿದರು. ಆ ಸಲಹೆಯಲ್ಲಿ ಹುರುಳಿದೆ ಎಂದು ಅವರಿಗೆ ಅನ್ನಿಸಿದಂತಿತ್ತು.

ನಾನು ಹೊರಡುವಾಗ ಅಕ್ಕ ಬೇಲಿಯವರೆಗೂ ಬಂದಳು. "ತಮ್ಮಾ, ನಿಂಗೆ ಪುಣ್ಯ ಬರ್ತದೆ ಮಾರಾಯಾ. ಇವ್ರಿಗೆ ಎಲ್ಲಾದ್ರೂ ಒಂದ್ ಕೆಲ್ಸ ಕೊಡ್ಸು. ದೂರ ಇದ್ರೂ ಅಡ್ಡಿಲ್ಲ. ದೂರ ಇದ್ರೇ ಚೊಲೋದು."

ಹೀಗೆ ಸರ್ಕಾರ ಕೈಬಿಟ್ಟ ಜವಾಬ್ದಾರಿ ಹೊನ್ನಾವರದ ಒಬ್ಬ ಔಷಧಿ ಅಂಗಡಿಯವನ ತಲೆಯ ಮೇಲೆ ಬಂತು.

ಸೇನೆಯಿಂದ ಬಂದವರು ಮುಂದೆ ಎಂತ ಮಾಡಬೇಕು ಎಂಬುದರಲ್ಲಿ ನಮ್ಮ ಊರಿನವರಷ್ಟು ಪಂಡಿತರು ಬೇರೆಲ್ಲೂ ಇರಲಾರರು. ನನ್ನ ಅಂಗಡಿಗೆ ಕೆಮ್ಮಿನ ಔಷಧಿಗೆಂದು ಬಂದವರೆಲ್ಲ ಒಂದೊಂದು ಸಲಹೆ ಕೊಟ್ಟು, ಔಷಧಿ ಮರೆತು ಹೋಗುತ್ತಿದ್ದರು. ಬ್ಯಾಂಕಿನ ಕಾವಲು. ಪೆಟ್ರೋಲ್ ಪಂಪು. ಪಂಚಾಯತ್ ಚುನಾವಣೆ. ಒಬ್ಬರಂತೂ ಭಾವನ ಎದುರೇ, "ಹೈವೇ ಮೇಲೊಂದು ಮಿಲ್ಟ್ರಿ ಹೋಟೆಲ್ ಹಾಕಿ. ನೀವು ಖುದ್ದು ಮಿಲ್ಟ್ರಿ, ಬೋರ್ಡಿಗೆ ಬ್ಯಾರೆ ಖರ್ಚೇ ಇಲ್ಲ" ಎಂದರು.

"ನಾನು ಮಿಲ್ಟ್ರಿ ಅಲ್ಲ, ನೇವಿ" ಎಂದರು ಭಾವ.

"ಹಾಂಗಾದ್ರೆ ಮೀನೂಟ ಇಡಿ!"

ಇನ್ನು ನೆಂಟರು. ಮಾಜಿ ಸೈನಿಕರಿಗೆ ಕ್ಯಾಂಟೀನಿನಲ್ಲಿ ಕಡಿಮೆ ದರಕ್ಕೆ ಸಾಮಾನು ಸಿಗುತ್ತದೆ. ಸಾಮಾನು ಎಂದರೆ ಯಾವ ಸಾಮಾನು ಎಂದು ನಮ್ಮ ನೆಂಟರಿಗೆ ವಿವರಿಸಬೇಕಾಗಿಲ್ಲ. ಮದುವೆಯಲ್ಲಿ ಭಾವನ ಮುಖವನ್ನೂ ಸರಿಯಾಗಿ ನೋಡದಿದ್ದ ದೊಡ್ಡಪ್ಪಂದಿರು, ಮಾವಂದಿರು ಆರೋಗ್ಯ ವಿಚಾರಿಸಲು ಬರತೊಡಗಿದರು. ಎಂಥ ಪ್ರೀತಿ! ಎಂಥ ಕಳಕಳಿ! ಭಾವ ಕಾರವಾರಕ್ಕೆ ಕ್ಯಾಂಟೀನಿಗೆ ಹೊರಟ ದಿನ ಸಂಜೆಗೆ ಸರಿಯಾಗಿ ಅವರೆಲ್ಲ ಜಗಲಿಯಲ್ಲಿ ಹಾಜರು. ಒಬ್ಬರು ಬಾಯಾಡಿಸಲು ಹುರಿದ ಮೀನನ್ನು ಸಹ ಮನೆಯಿಂದಲೇ ಕಟ್ಟಿಸಿಕೊಂಡು ಬಂದಿದ್ದರು. ಭಾವ ದೊಡ್ಡ ರಟ್ಟಿನ ಪೆಟ್ಟಿಗೆ ಇಳಿಸಿದರು. ನೆಂಟರು ಉಸಿರು ಬಿಗಿಹಿಡಿದರು. ಪೆಟ್ಟಿಗೆಯೊಳಗಿಂದ ಒಂದು ಪ್ರೆಶರ್ ಕುಕ್ಕರ್, ಟೂತ್‌ಪೇಸ್ಟು, ನೆಲ ಉಜ್ಜುವ ಬ್ರಶ್ಶು ಬಂದವು. ಇನ್ನೂ ಬಂದವು. ಕೊನೆಯವರೆಗೂ ಬ್ರಶ್ಶುಗಳೇ ಬಂದವು.

"ಮತ್ತೆ... ಅದು?" ಎಂದರು ದೊಡ್ಡಪ್ಪ, ಬಾಯಿ ಒಣಗಿಸಿಕೊಂಡು.

"ನಾನು ಕುಡಿಯುದಿಲ್ವಲ್ಲ ದೊಡ್ಡಪ್ಪಾ" ಎಂದು ಭಾವ ಅವರ ಕೈಗೊಂದು ಬ್ರಶ್ಶು ಕೊಟ್ಟರು. ಅಂದಿನಿಂದ ನಮ್ಮ ಅಕ್ಕನ ಮನೆಯವರ ಆರೋಗ್ಯವನ್ನು ಯಾರೂ ವಿಚಾರಿಸಿಲ್ಲ.

ಸವಲತ್ತುಗಳಲ್ಲಿ ನಿಜವಾಗಿ ಬೇಕಾದದ್ದು ಅಕ್ಕನಿಗೂ ಸಲ್ಲುವ ಆಸ್ಪತ್ರೆ ಕಾರ್ಡು ಮತ್ತು ಮುಂದೆ ಎಂದಾದರೂ ಅವಳಿಗೆ ಬರಬೇಕಾದ ಕುಟುಂಬ ಪಿಂಚಣಿ. ಅದಕ್ಕಾಗಿ ನಾನು ಅಂಗಡಿ ಮುಚ್ಚಿ ಇಬ್ಬರನ್ನೂ ಮಾಜಿ ಸೈನಿಕರ ಕಚೇರಿಗೆ ಕರೆದುಕೊಂಡು ಹೋದೆ. ಗುಮಾಸ್ತರು ಕಂಪ್ಯೂಟರ್ ನೋಡಿದರು, ಅಕ್ಕನ ಆಧಾರ್ ಕಾರ್ಡ್ ನೋಡಿದರು, ಅಕ್ಕನನ್ನೂ ನೋಡಿದರು.

"ಸುಮನಾ ಅವ್ರು ಬರ್ಲಿಲ್ವಾ?"

"ಯಾವ ಸುಮನಾ?" ಎಂದಳು ಅಕ್ಕ.

"ಇವರ ಹೆಂಡ್ತಿ."

ನನ್ನ ಅಕ್ಕನ ಹೆಸರು ಸುಮಿತ್ರಾ. ಆಗ ಬೆಳಕಿಗೆ ಬಂದ ಸತ್ಯವೇನೆಂದರೆ, ಮದುವೆಯಾಗಿ ಹಡಗಿಗೆ ಮರಳಿದ ಭಾವ ದಾಖಲೆಯಲ್ಲಿ ಹೆಂಡತಿಯ ಹೆಸರು ಬರೆಸಬೇಕಾಗಿ ಬಂದಾಗ, ಮನೆಯಲ್ಲಿ ಎಲ್ಲರೂ 'ಸುಮಾ ಸುಮಾ' ಎಂದು ಕರೆಯುತ್ತಿದ್ದುದನ್ನು ನೆನಪಿಸಿಕೊಂಡು, ಪೂರ್ತಿ ಹೆಸರು ಸುಮನಾ ಇರಬೇಕೆಂದು ತಾವೇ ತೀರ್ಮಾನಿಸಿ ಬರೆಸಿದ್ದರು. ಆಮೇಲೆ ನಿಜ ಗೊತ್ತಾದರೂ ದಾಖಲೆ ತಿದ್ದಿಸಲು ಹೋದರೆ ಜತೆಯವರು ಆಡಿಕೊಂಡು ನಗುತ್ತಾರೆಂದು ಸುಮ್ಮನಿದ್ದರು. ಶತ್ರುವಿಗೆ ಅಂಜದವರು!

"ಕಟ್ಕೊಂಡ ಹೆಂಡ್ತಿ ಹೆಸ್ರು ಕೇಳುಕೆ ನಿಮ್ಗೆ ಪುರ್ಸೊತ್ತು ಆಗ್ಲಿಲ್ಲ?" ಎಂದಳು ಅಕ್ಕ.

ಭಾವ ನೆಲ ನೋಡುತ್ತ ಹೇಳಿದರು: "ರಜೆ ಕಡಿಮೆ ಇತ್ತು."

ಸುಮನಾ ಮತ್ತು ಸುಮಿತ್ರಾ ಇಬ್ಬರೂ ಒಬ್ಬಳೇ ಎಂದು ವಕೀಲರ ಎದುರು ಪ್ರಮಾಣ ಮಾಡಿ ಭಾವ ಸಹಿ ಹಾಕಿದರು. ಕಾರ್ಡೇನೋ ಬಂತು. ಆದರೆ ಬಹಳ ದಿನ ಅವರು ಒಳಗಿನಿಂದ ನೀರು ಕೇಳಿದರೆ ಅಕ್ಕ, "ನನ್ನನ್ನ ಕರ್ದದ್ದಾ, ಅವಳನ್ನಾ?" ಎಂದು ಕೇಳಿ ಖಚಿತಪಡಿಸಿಕೊಂಡೇ ಏಳುತ್ತಿದ್ದಳು.

ಕೆಲಸದ ಬೇಟೆಯ ಮೊದಲ ಅಧ್ಯಾಯ ಭಾವನ ತಮ್ಮನ ಮೀನುಗಾರಿಕೆ ಬೋಟಿನಲ್ಲಿ ನಡೆಯಿತು. ಅಣ್ಣ ಅಷ್ಟು ವರ್ಷ ಸಮುದ್ರದಲ್ಲಿದ್ದವನು ಎಂದು ತಮ್ಮ ಸಂಭ್ರಮದಿಂದ ಬೋಟಿಗೆ ಹತ್ತಿಸಿಕೊಂಡ. ಭಾವ ಸಮುದ್ರದಲ್ಲಿದ್ದರು ನಿಜ. ಆದರೆ ಇದ್ದದ್ದು ಎಂಜಿನ್ ವಿಭಾಗದಲ್ಲಿ, ಹಡಗಿನ ಕಿಟಕಿಯಿಲ್ಲದ ಹೊಟ್ಟೆಯೊಳಗೆ. ಅಲೆ, ಗಾಳಿ, ಬಂಗಡೆಯ ಹಿಂಡು ಇವೆಲ್ಲ ಮೇಲ್ಮಹಡಿಯವರ ವಿಷಯ. ಹೊಳೆ ಸಮುದ್ರ ಸೇರುವ ಅಳಿವೆ ದಾಟುವಷ್ಟರಲ್ಲಿ ಬೋಟಿನ ಎಂಜಿನ್ನಿನ ಸದ್ದು ಕೇಳಿ ಅವರ ಮುಖ ಸೊಟ್ಟಗಾಯಿತು. "ಇದಕ್ಕೆ ಕಾಯಿಲೆ ಅದೆ. ತಿರುಗಿಸು" ಎಂದರು.

ತಿರುಗಿಸಿದರು. ದಕ್ಕೆಯಲ್ಲಿ ಟಾರ್ಪಾಲು ಹಾಸಿ ಎಂಜಿನ್ನನ್ನು ಪೂರ್ತಿ ಬಿಚ್ಚಿ, ಒಂದೊಂದು ನಟ್ಟನ್ನೂ ತೊಳೆದು, ಒರೆಸಿ, ಜೋಡಿಸಿಟ್ಟರು. ಅದು ಬಂಗಡೆ ಹೊಳೆಯಂತೆ ಬರುತ್ತಿದ್ದ ವಾರ. ಎಲ್ಲ ಬೋಟುಗಳೂ ತುಂಬಿ ಬರುತ್ತಿದ್ದರೆ ತಮ್ಮ ಟಾರ್ಪಾಲಿನ ಪಕ್ಕದಲ್ಲಿ ತಲೆಗೆ ಕೈಹೊತ್ತು ಕೂತಿದ್ದ. ಕೊನೆಗೂ ಜೋಡಿಸಿದ ಮೇಲೆ ಎಂಜಿನ್ ಬೆಕ್ಕಿನ ಹಾಗೆ ಗುರುಗುಟ್ಟಿತು. ಇಡೀ ದಕ್ಕೆ ಬಂದು ಕೇಳಿ ತಲೆದೂಗಿತು. ಬಂಗಡೆ ಮಾತ್ರ ಅಷ್ಟರಲ್ಲಿ ಮಲ್ಪೆಯ ಕಡೆಗೆ ಹೋಗಿಯಾಗಿತ್ತು.

"ಅಣ್ಣಾ, ನೀನು ದೇಶ ಕಾಯುದೇ ಬರೋಬರಿ" ಎಂದು ತಮ್ಮ ಕೈಮುಗಿದ.

ಆಮೇಲೆ ಭಟ್ಕಳ. ಅಲ್ಲಿ ನಮ್ಮ ತಂದೆಯ ಕಾಲದಿಂದ ಪರಿಚಯವಿದ್ದ ಒಬ್ಬ ಸಾಹೇಬರ ದೊಡ್ಡ ಬಟ್ಟೆ ಅಂಗಡಿ. ಅವರು ಬಲು ಮರ್ಯಾದಸ್ಥರು. ಭಾವನನ್ನು ನೋಡಿದವರೇ "ಬನ್ನಿ ಕ್ಯಾಪ್ಟನ್ ಸಾಹೇಬ್ರೇ" ಎಂದು ಅರ್ಧ ಎದ್ದು ನಿಂತು ಮೇಲ್ವಿಚಾರಕರ ಕುರ್ಚಿ ಕೊಟ್ಟರು. ಮದುವೆಯ ದಿನಗಳು. ಒಂದು ಸೀರೆ ಕೊಳ್ಳಲು ಮದುಮಗಳ ಜತೆ ಅಜ್ಜಿ, ಅತ್ತೆಯರು, ಅಕ್ಕಂದಿರು, ಅವರ ಮಕ್ಕಳು, ಪಕ್ಕದ ಮನೆಯವರು ಎಲ್ಲ ಬರುವುದು ನಮ್ಮ ಕಡೆಯ ಸಂಪ್ರದಾಯ. ಭಾವ ಬಾಗಿಲಲ್ಲಿ ಹಗ್ಗ ಕಟ್ಟಿಸಿದರು. ಒಂದು ಸೀರೆಗೆ ಇಬ್ಬರು! ಚೀಲ ಹೊರಗೆ! ಅಭಿಪ್ರಾಯ ಹೇಳುವವರು ನೆರಳಲ್ಲಿ ಕಾಯಬೇಕು! ಒಬ್ಬ ಅಜ್ಜಿಯನ್ನು "ನೀವು ಖರೀದಿ ವಿಭಾಗವೋ, ಅಭಿಪ್ರಾಯ ವಿಭಾಗವೋ?" ಎಂದು ಕೇಳಿದರಂತೆ. ಅಜ್ಜಿ ಇಡೀ ಪರಿವಾರವನ್ನು ಎದುರಿನ ಅಂಗಡಿಗೆ ನಡೆಸಿಕೊಂಡು ಹೋದರು.

ಸಾಹೇಬರು ಭಾವನಿಗೆ ಫಾಲೂದಾ ತರಿಸಿಕೊಟ್ಟು, ಬಹಳ ಮೆಲ್ಲಗೆ ಹೇಳಿದರು: "ಕ್ಯಾಪ್ಟನ್ ಸಾಹೇಬ್ರೇ, ನಿಮ್ಮಂಥ ಪ್ರಾಮಾಣಿಕರು ಸಿಗೂದಿಲ್ಲ. ಆದ್ರೆ ಇದು ಗಡಿ ಅಲ್ಲ, ದುಕಾನು. ಇಲ್ಲಿ ವೈರಿನೂ ಒಳಗೆ ಬರ್ಬೇಕು."

ಕೊನೆಗೆ ಉಳಿದದ್ದು ಬ್ಯಾಂಕಿನ ಗುಮಾಸ್ತರ ಪರೀಕ್ಷೆ. ಮಾಜಿ ಸೈನಿಕರಿಗೆ ಮೀಸಲಾತಿ ಇದೆ; ಪಾಸಾದರೆ ಕಾಯಂ ನೌಕರಿ. ಕುಮಟೆಯ ಒಂದು ತರಬೇತಿ ತರಗತಿಗೆ ಸೇರಿಸಿದೆ. ಅಲ್ಲಿದ್ದವರೆಲ್ಲ ಆಗಷ್ಟೇ ಮೀಸೆ ಬಂದ ಹುಡುಗರು, ಕಿವಿಗೆ ಫೋನು ಅಂಟಿಸಿಕೊಂಡ ಹುಡುಗಿಯರು. ಅವರು "ಅಂಕಲ್" ಎಂದರೆ ಭಾವ "ಯೆಸ್" ಎಂದು ಎದ್ದು ನಿಲ್ಲುತ್ತಿದ್ದರು. ಮೇಷ್ಟ್ರು ತಡವಾಗಿ ಬಂದ ದಿನ ಇಡೀ ತರಗತಿಯ ಪರವಾಗಿ ಕಾರಣ ಕೇಳುತ್ತಿದ್ದರು. ಫಲಿತಾಂಶ ಬಂದು ಭಾವ ಪಾಸಾದ ದಿನ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟು ಪೇಡೆ ಹಂಚಿದವರು ಆ ಮೇಷ್ಟ್ರೇ.

ನೇಮಕಾತಿ ಆದದ್ದು ಬೀದರಿಗೆ. ನಕಾಶೆಯಲ್ಲಿ ನೋಡಿ: ನಾವು ಒಂದು ಮೂಲೆಯಲ್ಲಿದ್ದರೆ ಅದು ಕರ್ನಾಟಕದ ಆ ತುದಿಯ ಮೂಲೆ. ಅಕ್ಕ ದೇವರಿಗೆ ಕಾಯಿ ಒಡೆಸಿದಳು. ಬಂಗಡೆಗಳೂ ಸಮಾಧಾನದ ಉಸಿರು ಬಿಟ್ಟಿರಬೇಕು. ಎಲ್ಲರೂ ಭಾವನ ಬೆನ್ನು ತಟ್ಟಿದರು. ಅವರು ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು ಒಂದೇ ಪ್ರಶ್ನೆ ಕೇಳಿದರು.

"ಮಾರಾಯಾ, ಬ್ಯಾಂಕಿನಲ್ಲಿ ರಜೆ ಹ್ಯಾಂಗೆ ಕೊಡ್ತಾರೆ?"

"ಕೊಡ್ತಾರೆ. ಹಬ್ಬಕ್ಕೆಲ್ಲ ಬರ್ಬಹುದು" ಎಂದೆ ನಾನು.

"ಹ್ಞಾಂ. ಹಬ್ಬಕ್ಕೆ" ಎಂದು ಹೇಳಿ ಅವರು ಅಂಗಳಕ್ಕೆ ಹೋದರು.

ಈಗ ನಮ್ಮ ಭಾವ ಕಾಸರಕೋಡಿನ ದಕ್ಕೆಯ ಬಳಿ ತಗಡಿನ ಮಾಡಿನ ಕೆಳಗೆ ಬೋಟಿನ ಎಂಜಿನ್ ರಿಪೇರಿ ಮಾಡುತ್ತಾರೆ. ಮಳೆಗಾಲದಲ್ಲಿ, ಬೋಟುಗಳೆಲ್ಲ ದಡ ಹತ್ತಿ ಕೂತಾಗ, ಅವರಿಗೆ ಕೈತುಂಬ ಕೆಲಸ. ಕಾಯಂ ನೌಕರಿಯನ್ನು ಕೈಯಾರೆ ಬಿಟ್ಟ ಮಹಾನುಭಾವ ಯಾರೆಂದು ನೋಡಲು ಬರುವವರೂ ಇದ್ದಾರೆ. ಬೀದರಿಗೆ ಯಾಕೆ ಹೋಗಲಿಲ್ಲ ಎಂದು ನನ್ನ ಅಂಗಡಿಯಲ್ಲಿ ಯಾರಾದರೂ ಕೇಳಿದರೆ, "ಅಲ್ಲಿ ಬಿಸಿಲು ಜಾಸ್ತಿಯಂತೆ" ಎನ್ನುತ್ತೇನೆ. ನಡೆದದ್ದು ಇಷ್ಟು.

ಬೀದರಿಗೆ ಹೊರಡಬೇಕಾಗಿದ್ದ ಬೆಳಗ್ಗೆ ನಾನು ರಿಕ್ಷಾ ತೆಗೆದುಕೊಂಡು ಹೋಗಿದ್ದೆ. ಭಾವ ಬೂಟು ಹಾಕಿ, ಲೇಸು ಬಿಗಿದು ತಯಾರಾಗಿ ನಿಂತಿದ್ದರು. ಅಕ್ಕ ನೆಲದ ಮೇಲೆ ಕೂತು ಚೀಲ ತುಂಬುತ್ತಿದ್ದಳು. ಒಣ ಸೀಗಡಿ ಚಟ್ನಿಯ ಡಬ್ಬಿಯ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಅದರ ಮೇಲೆ ಬಟ್ಟೆ ಸುತ್ತಿ, ಎಣ್ಣೆ ಬಾಟಲಿಯನ್ನು ಟವೆಲಿನ ನಡುವೆ ನೆಟ್ಟಗೆ ನಿಲ್ಲಿಸಿ, ಉಪ್ಪಿನಕಾಯಿಯನ್ನು ಅಂಗಿಗೆ ತಾಗದ ಹಾಗೆ ಮೂಲೆಗೆ ಸರಿಸಿ. ಒಂದು ಸಲವೂ ತಡವರಿಸಲಿಲ್ಲ. ಪ್ರತಿ ರಜೆಯ ಕೊನೆಗೂ ಇದನ್ನೇ ಮಾಡಿದ ಕೈಗಳು ಅವು. ಭಾವ ಆ ಕೈಗಳನ್ನೇ ನೋಡುತ್ತಿದ್ದರು.

"ನಿಂಗೆ ಕಳ್ಸುದು ಚೊಲೋ ರೂಢಿ ಆಗ್ಹೋಗದೆ, ಅಲ್ಲ?" ಎಂದರು. ತಮಾಷೆಗೇ ಹೇಳಿದರು ಎಂದು ನನ್ನ ಭಾವನೆ.

ಅಕ್ಕ ತಲೆ ಎತ್ತಲಿಲ್ಲ. ಚೀಲದ ಜಿಪ್ಪು ಎಳೆಯುತ್ತಲೇ ಹೇಳಿದಳು:

"ಕಳ್ಸುದು ರೂಢಿ ಆಗದೆ. ಇಟ್ಕೊಳ್ಳುದೇ ರೂಢಿ ಇರ್ಲಿಲ್ಲ. ಈಗ ಕಲೀತಾ ಇದ್ದೆ. ಅಷ್ಟ್ರಲ್ಲಿ ಹೊಂಟ್ರಿ."

ಜಿಪ್ಪು ಅರ್ಧದಲ್ಲಿ ನಿಂತಿತು. ಸಿಕ್ಕಿಕೊಂಡಿತ್ತೋ, ಅಕ್ಕನ ಕೈ ನಿಂತಿತೋ ಗೊತ್ತಿಲ್ಲ. ಹೊರಗೆ ರಿಕ್ಷಾದವನು ಹಾರ್ನ್ ಹೊಡೆದ. ಎಲ್ಲದಕ್ಕೂ ಒಂದು ಆಜ್ಞೆ ಸಿದ್ಧವಿಟ್ಟುಕೊಂಡಿರುತ್ತಿದ್ದ ನಮ್ಮ ಭಾವ ಮೆಟ್ಟಿಲ ಮೇಲೆ ಕೂತು, ಬಗ್ಗಿ, ಬೂಟಿನ ಲೇಸು ಬಿಚ್ಚತೊಡಗಿದರು.