ಬೇರು ತೋರಿಸಲೊಲ್ಲದ ಗುಲಾಬಿ ಕಡ್ಡಿಯವರಿಗೆ

ನನ್ನ ಗಡಿಯಾರ ರಿಪೇರಿ ಅಂಗಡಿಯ ಕಿಟಕಿಯಲ್ಲಿ, ತಳಕ್ಕೆ ತೂತು ಕೊರೆದ ಬಿಸ್ಕತ್ತಿನ ಡಬ್ಬಿಯೊಳಗೆ, ಬೆಳಗಿನ ಬಿಸಿಲಿಗೆ ಮೈಯೊಡ್ಡಿ ವಿರಾಜಮಾನರಾಗಿರುವ ಗುಲಾಬಿ ಕಡ್ಡಿಯವರ ಸನ್ನಿಧಾನಕ್ಕೆ, ಅದೇ ಕಿಟಕಿಯ ಹಿಂದೆ ಇಪ್ಪತ್ತೇಳು ವರ್ಷಗಳಿಂದ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿರುವ ರಿಪೇರಿಯವನ ಸವಿನಯ ವಂದನೆಗಳು.

ಮಾನ್ಯರೇ,

ತಮ್ಮ ಮೇಲೆ ದೂರು ಹೇಳುವಷ್ಟು ದೊಡ್ಡವನು ನಾನಲ್ಲ, ಆದರೂ ಹೇಳದೆ ಇರಲಾಗುತ್ತಿಲ್ಲ. ಈ ಪತ್ರವನ್ನು ಅಂಗಡಿಯ ಗಾಜಿಗೇ ಅಂಟಿಸುತ್ತಿದ್ದೇನೆ, ಬೀದಿಯಲ್ಲಿ ಹೋಗಿಬರುವವರೂ ಓದಿ ನ್ಯಾಯ ಹೇಳಲಿ. ತಾವು ನನ್ನ ಆಶ್ರಯಕ್ಕೆ ಬಂದು ಏಳು ವಾರವಾಯಿತು. ಇಷ್ಟು ದಿನ ಮಣ್ಣಿನೊಳಗೆ ಏನು ನಡೆಸಿದ್ದೀರೆಂದು ನನಗೆ ಒಂದು ಮಾತೂ ತಿಳಿಸಿಲ್ಲ. ನನ್ನ ಬಳಿಗೆ ಬರುವ ಗಡಿಯಾರಗಳು ಹೀಗಲ್ಲ. ಬೆನ್ನಿನ ಮುಚ್ಚಳ ತೆಗೆದರೆ ಸಾಕು, ಯಾವ ಹಲ್ಲು ಸವೆದಿದೆ, ಎಲ್ಲಿ ಧೂಳು ಕೂತಿದೆ ಎಂದು ಸಂಕೋಚವಿಲ್ಲದೆ ಹೇಳಿಬಿಡುತ್ತವೆ.

ಅದೇ ಅಭ್ಯಾಸಬಲದಿಂದ, ತಮಗಿಂತ ಮೊದಲು ಬಂದ ಮೂರು ಕಡ್ಡಿಗಳನ್ನು ಎರಡು ದಿನಕ್ಕೊಮ್ಮೆ ಚಿಮುಟದಿಂದ ಮೆಲ್ಲಗೆ ಮೇಲೆತ್ತಿ, ಬೇರು ಬಂತೇ ಎಂದು ತಿರುಗಿಸಿ ಮುರುಗಿಸಿ ನೋಡಿ, ಮತ್ತೆ ನೆಟ್ಟದ್ದು ನಿಜ. ಗಡಿಯಾರಕ್ಕೆ ಎಣ್ಣೆ ಬಿಡುವ ಸೂಜಿಯಿಂದ ಬೆಳಿಗ್ಗೆ ಹನ್ನೆರಡು ಹನಿ, ಸಂಜೆ ಹನ್ನೆರಡು ಹನಿ ನೀರು ಕೊಟ್ಟದ್ದೂ ನಿಜ. ಕಡ್ಡಿಗಳನ್ನು ತನ್ನ ಗಿಡದಿಂದ ಮುರಿದು ತಂದುಕೊಟ್ಟ ನನ್ನ ಅಕ್ಕ ಅದನ್ನು ನೋಡಿ, "ಇದೇನೋ, ಗಿಡಕ್ಕೆ ನೀರು ಹಾಕ್ತಿದ್ದೀಯೋ, ಕಣ್ಣಿಗೆ ಔಷಧಿ ಬಿಡ್ತಿದ್ದೀಯೋ" ಎಂದು ಕೇಳಿದಳು. ಮೂರೂ ಒಂದರ ಹಿಂದೊಂದು ಕಪ್ಪಾಗಿ ಒಣಗಿದವು. ಇಷ್ಟು ಮುತುವರ್ಜಿ ವಹಿಸಿದವನಿಗೆ ಇದೇನಾ ಪ್ರತಿಫಲ ಎಂದು ಆಗ ನನಗೆ ನಿಜಕ್ಕೂ ಬೇಸರವಾಗಿತ್ತು.

ತಾವು ನಾಲ್ಕನೆಯವರು. ತಾವು ದಯಮಾಡಿಸಿದ ದಿನವೇ, ಎದುರು ಮೇಜಿನಲ್ಲಿ ಕೆಲಸ ಮಾಡುವ ನನ್ನ ಮಗಳು ಎದ್ದು ಬಂದು, ರಿಪೇರಿಯಾದ ಗಡಿಯಾರದ ಬೆನ್ನಿಗೆ ನಾವು ಅಂಟಿಸುವ ಚೀಟಿಯೊಂದನ್ನು ತಮ್ಮನ್ನು ಮೇಲೆತ್ತಿದರೆ ಹರಿಯುವಂತೆ ತಮ್ಮ ಬುಡದಿಂದ ಡಬ್ಬಿಯ ಅಂಚಿಗೆ ಎಳೆದು ಅಂಟಿಸಿ ಹೋದಳು. 'ಚೀಟಿ ಹರಿದರೆ ಅಂಗಡಿ ಜವಾಬ್ದಾರಿಯಲ್ಲ' ಎಂದು ಅದರ ಮೇಲೆ ಅಚ್ಚು ಹಾಕಿಸಿದವನು ನಾನೇ. ಅಂಗಡಿಯ ಚೀಟಿಯನ್ನು ಅಂಗಡಿಯವನೇ ಹರಿದರೆ ಮಾನ ಉಳಿಯುವುದುಂಟೇ? ಕೈ ಕಟ್ಟಿ ಕೂತೆ. ಬೆರಳಿನಿಂದ ಮುಟ್ಟಿದಾಗ ಮಣ್ಣು ಒಣಗಿದ್ದರೆ ನೀರು, ಇಲ್ಲದಿದ್ದರೆ ಇಲ್ಲ.

ಕೈ ಕಟ್ಟಿ ಕೂತವನಿಗೆ ಬಿಚ್ಚಿ ನೋಡಲು ಬೇರೇನೂ ಸಿಗದೆ ತನ್ನನ್ನೇ ನೋಡಿಕೊಳ್ಳಬೇಕಾಯಿತು ಎಂಬುದು ತಮ್ಮ ಮೇಲಿನ ನನ್ನ ಮುಖ್ಯ ದೂರು. ಮಗಳು ಈ ಕೆಲಸ ಕಲಿತು ಆರು ವರ್ಷವಾಯಿತು. ಅವಳು ಮುಚ್ಚಿದ ಒಂದೊಂದು ಗಡಿಯಾರವನ್ನೂ ಅವಳ ಕಣ್ಣೆದುರೇ ಮತ್ತೆ ಬಿಚ್ಚಿ, ತಪ್ಪೇನೂ ಸಿಗದೆ, ಮುಚ್ಚಿ, ಚೀಟಿಯನ್ನು ಮಾತ್ರ ನನ್ನ ಕೈಯಿಂದಲೇ ಅಂಟಿಸುತ್ತಿದ್ದೆ. ಸೇತುವೆಯಾಚೆಯ ಅಂಗಡಿಯವರು ತನ್ನನ್ನು ಕೆಲಸಕ್ಕೆ ಕರೆಯುತ್ತಿದ್ದಾರೆ, ತಿಂಗಳ ಕೊನೆಗೆ ಉತ್ತರ ಹೇಳಬೇಕು ಎಂದು ಅವಳು ತಿಳಿಸಿದಾಗ, ಅಲ್ಲಿ ಬೆಳಕು ಚೆನ್ನಾಗಿರಬೇಕು ಎಂದುಕೊಂಡೆನೇ ಹೊರತು ಬೇರೇನೂ ಹೊಳೆಯಲಿಲ್ಲ. ಯಾರ ಕಾಟವೂ ಇಲ್ಲದೆ ತಾವು ಮೊದಲ ಎಲೆ ಬಿಟ್ಟ ದಿನ ಹೊಳೆಯಿತು. ನಾಚಿಕೆಯಾಯಿತು, ಅವಳು ಹೋಗಿಬಿಟ್ಟರೆ ಎಂದು ಭಯವೂ ಆಯಿತು.

ಇಷ್ಟೆಲ್ಲ ಉಪಕಾರ ಮಾಡಿದ ತಮ್ಮಲ್ಲಿ ಕೆಲವು ಸಣ್ಣ ಕೋರಿಕೆಗಳಿವೆ. ಬೇರು ಬಿಡುವಾಗ ತಾವು ಟಿಕ್ ಟಿಕ್ ಎಂದು ಸದ್ದು ಮಾಡಬೇಕು. ಎಲೆಗಳು ಅಂಗಡಿ ತೆರೆದಿರುವ ವೇಳೆಯಲ್ಲೇ ಬಿಡಬೇಕು, ರಜೆಯ ದಿನ ಬಿಟ್ಟು ನನ್ನನ್ನು ಪೆದ್ದನನ್ನಾಗಿ ಮಾಡಬಾರದು. ಜೊತೆಗೆ, ಸಾಧ್ಯವಾದರೆ, ತಾವು ಆರು ವರ್ಷ ಮೊದಲೇ ಬಂದಿರಬೇಕು.

ನಿನ್ನೆ ಪಕ್ಕದ ಔಷಧಿ ಅಂಗಡಿಯವರ ಗಡಿಯಾರವನ್ನು ಮಗಳು ಮುಚ್ಚಿ, ಎಂದಿನಂತೆ ನನ್ನ ಕಡೆ ತಳ್ಳಿದಳು. ನಾನು ಚೀಟಿಯ ಕಟ್ಟನ್ನು ಅವಳ ಕಡೆ ತಳ್ಳಿದೆ. ಅವಳು ಒಂದು ಚೀಟಿ ಕಿತ್ತು ಅಂಟಿಸಿ, ಉಳಿದ ಕಟ್ಟನ್ನು ತನ್ನ ಡ್ರಾಯರಿನಲ್ಲಿ ಇಟ್ಟುಕೊಂಡಳು. ತಿಂಗಳ ಕೊನೆಗೆ ಇನ್ನೂ ಒಂಬತ್ತು ದಿನವಿದೆ. ಏನು ತೀರ್ಮಾನ ಮಾಡಿದಳೆಂದು ನಾನು ಕೆದಕಿ ಕೇಳಿಲ್ಲ.

ತಮ್ಮ ನೆರಳಿಗೆ ಕಾದಿರುವ,
ತಮ್ಮ ವಿಶ್ವಾಸಿ,
ಕಿಟಕಿಯ ಹಿಂದಿನ ರಿಪೇರಿಯವನು

ಮರೆತ ಮಾತು: ಈ ಪತ್ರವನ್ನು ಗಾಜಿಗೆ ಅಂಟಿಸಲು ಚೀಟಿ ಕೇಳಿದೆ. ಮಗಳು ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿ, ನಾಲ್ಕು ಕಡೆ ತಿದ್ದಿ, ಇನ್ನೊಮ್ಮೆ ಓದಿದ ಮೇಲೆಯೇ ಕೊಟ್ಟಳು. 'ಇನ್ನೂ ಒಂಬತ್ತು ದಿನವಿದೆ' ಎಂಬಲ್ಲಿ ಅಂಚಿನಲ್ಲಿ, 'ಆ ಅಂಗಡಿಗೆ ಬರಲ್ಲ ಅಂತ ಇವತ್ತು ಬೆಳಿಗ್ಗೆನೇ ಹೇಳಿಯಾಯ್ತು, ಅಪ್ಪ' ಎಂದು ಬರೆದಿದ್ದಾಳೆ. ಕೇಳದೆಯೇ ಉತ್ತರ ಕೊಡುವುದು ಹೇಗೆಂದು ತಾವೂ ಅವಳನ್ನು ನೋಡಿ ಕಲಿಯಬಹುದು. ಮೊಗ್ಗು ಎಲ್ಲಿ ಎಂದು ನಾನಂತೂ ಕೇಳುತ್ತಿಲ್ಲ.