ಚಕ್ರದ ಐದು ಬಣ್ಣ

ಲೈಬ್ರರಿಯ ಗುಮಾಸ್ತನಿಗೆ ಇದ್ದದ್ದು ಒಂದೇ ಚಟ. ಕುಡಿತವಲ್ಲ, ಇಸ್ಪೀಟಲ್ಲ, ಕೆರೆಯುವುದು. ಲೈಬ್ರರಿಗೆ ಹೊಸ ಪುಸ್ತಕ ಬಂದರೆ ಒಳಗೇನಿದೆ ಎಂದು ನೋಡುವ ಮೊದಲು, ಹೊದಿಕೆಗೆ ಅಂಟಿಸಿದ ಚೀಟಿಯ ಕೆಳಗೇನಿದೆ ಎಂದು ಉಗುರು ಹಾಕಿ ನೋಡುವವನು ಅವನು. ಗೋಡೆಯ ಸುಣ್ಣ, ಬಾಟಲಿಯ ಲೇಬಲ್ಲು, ತನ್ನದೇ ಮೊಣಕಾಲಿನ ಹಕ್ಕಳೆ, ಯಾವುದನ್ನೂ ಅದರ ಪಾಡಿಗೆ ಬಿಟ್ಟವನಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿ ವಾರಕ್ಕೆರಡು ಸಲ ಅವನ ಉಗುರು ಕತ್ತರಿಸಿ ನೋಡಿದಳು. ಆಮೇಲೆ ಕೈಬಿಟ್ಟಳು.

ಆ ಭಾನುವಾರ ಬೆಳಿಗ್ಗೆ ಅವನು ಕೆರೆಯಲೇಬಾರದ ಜಾಗವನ್ನು ಕೆರೆದ.

ಮಾವನವರ ಹಳೆಯ ಕಾರು ಆರು ತಿಂಗಳಿಂದ ಅವನ ಮನೆಯ ಮುಂದೆ ನಿಂತಿತ್ತು. ಕೊಟ್ಟದ್ದಲ್ಲ, ಕೊಟ್ಟು ನೋಡಿದ್ದು. ಆರು ತಿಂಗಳು ಹೇಗಿದೆಯೋ ಹಾಗೇ ಇಟ್ಟುಕೊಂಡರೆ ಕಾರು ಚಿಕ್ಕ ಅಳಿಯನ ಹೆಸರಿಗೆ, ಒಂದು ಗೀರು ಬಿದ್ದರೂ ದೊಡ್ಡ ಅಳಿಯನ ಹೆಸರಿಗೆ ಎಂದು ಮಾವ ಷರತ್ತು ಹಾಕಿದ್ದರು. ಅದರಲ್ಲೂ ಚಕ್ರದ ತಂಟೆಗೆ ಹೋಗಬಾರದು ಎಂದು ಎರಡೆರಡು ಸಲ ಹೇಳಿದ್ದರು. ದೊಡ್ಡ ಅಳಿಯ, ಅಂದರೆ ಗುಮಾಸ್ತನ ಷಡ್ಡಕ, ಚಪ್ಪಲಿಯನ್ನೂ ಒರೆಸಿ ಕವರಿನೊಳಗಿಡುವ ಮನುಷ್ಯ. ಹನ್ನೆರಡು ವರ್ಷ ಬಸ್ಸಿನಲ್ಲಿ ನೇತಾಡಿದ ಗುಮಾಸ್ತನಿಗೆ ಆ ಕಾರು ಬೇಕೇ ಬೇಕಿತ್ತು. ಷಡ್ಡಕನಿಗೆ ಸಿಗದೆ ತನಗೆ ಸಿಗುವುದು ಇನ್ನೂ ಹೆಚ್ಚು ಬೇಕಿತ್ತು. ಮಾವ ಕಾಗದಪತ್ರ ಹಿಡಿದು ಬರುವುದು ಅದೇ ದಿನ ಸಂಜೆ ಐದಕ್ಕೆ.

ಕಾರು ಒರೆಸುತ್ತಿದ್ದಾಗ ಮುಂದಿನ ಎಡಚಕ್ರದ ಮೇಲೆ ಕಪ್ಪು ಬಣ್ಣದ ಒಂದು ಚಕ್ಕೆ ತುಸು ಎದ್ದು ನಿಂತದ್ದು ಕಣ್ಣಿಗೆ ಬಿತ್ತು. ಉಗುರು ತಾನೇ ತಾನಾಗಿ ಹೋಯಿತು. ಕೆಳಗೆ ಕೆಂಪು. ಇನ್ನಷ್ಟು ಕೆರೆದ. ಕೆಂಪಿನ ಕೆಳಗೆ ಹಸಿರು.

ಹೆಂಡತಿ ಕಾಫಿ ಲೋಟ ಹಿಡಿದು ಬಂದವಳು ಅಲ್ಲೇ ನಿಂತಳು. "ನಮ್ಮಪ್ಪನಾ ಚಕ್ರಕ್ಕೆ ಇಷ್ಟು ಬಣ್ಣ ಹೊಡೆಸಿರೋದು? ಮನೆ ಗೋಡೆಗೆ ಇಪ್ಪತ್ತು ವರ್ಷದಿಂದ ಸುಣ್ಣ ಹೊಡೆಸಿಲ್ಲ ರೀ ಅವರು."

ಗುಮಾಸ್ತನ ತಲೆಯೊಳಗೆ ಹುಳ ಬಿಟ್ಟಂತಾಯಿತು. ಒಂದು ಮೊಳೆಗೆ ನಾಲ್ಕು ಅಂಗಡಿ ತಿರುಗುವ ಮನುಷ್ಯ ಚಕ್ರಕ್ಕೇಕೆ ಕೋಟಿನ ಮೇಲೆ ಕೋಟು ಬಳಿಯುತ್ತಾನೆ? ಅದನ್ನು ಆಮೇಲೆ ಯೋಚಿಸೋಣ, ಮೊದಲು ಕಪ್ಪು ಬಣ್ಣ ತಂದು ಮುಚ್ಚಿಬಿಡಿ ಎಂದಳು ಹೆಂಡತಿ. ಅಷ್ಟರಲ್ಲಿ ಕಾಂಪೌಂಡಿನ ಮೇಲೆ ಪಕ್ಕದ ಮನೆಯ ವಾಚಿನ ಯಜಮಾನರ ತಲೆ ಮೂಡಿತು.

ಅವರು ನಲವತ್ತು ವರ್ಷ ವಾಚು ರಿಪೇರಿ ಮಾಡಿ ಅಂಗಡಿ ಮುಚ್ಚಿದವರು. ರಿಪೇರಿಗೆ ಬಂದ ಪ್ರತಿ ವಾಚಿನ ಮುಚ್ಚಳದ ಒಳಗೂ ತಮ್ಮ ಗುರುತು ಕೊರೆದು ಕೊರೆದು ಅಭ್ಯಾಸವಾಗಿ, ಮನೆಯ ಬಕೆಟ್ಟು, ಏಣಿ, ಸೌಟುಗಳಿಗೂ ಅದೇ ಗುರುತು ಹಾಕುತ್ತಿದ್ದರು: ತ್ರಿಕೋನದಲ್ಲಿ ಮೂರು ಚುಕ್ಕಿ. ಬೀದಿಯಲ್ಲಿ ಯಾರ ಮನೆಯ ಕೆಲಸವಾದರೂ ಅವರಿಗೆ ತಮ್ಮದೇ ಕೆಲಸ. ತಮ್ಮ ಅಂಗಳದಲ್ಲಿ ವರ್ಷಗಟ್ಟಲೆಯಿಂದ ಟಾರ್ಪಾಲು ಹೊದ್ದು ನಿಂತಿದ್ದ ಕಾರಿನ ಮಾತು ಮಾತ್ರ ಯಾವತ್ತೂ ಎತ್ತುತ್ತಿರಲಿಲ್ಲ.

"ಎದ್ದಿರೋ ಬಣ್ಣದ ಮೇಲೆ ಬಣ್ಣ ಹೊಡೆದ್ರೆ ನಿಲ್ಲಲ್ಲ ಗುಮಾಸ್ತರೇ" ಎಂದರು ಅವರು. "ಪೂರ್ತಿ ಕೀಳಬೇಕು. ಆಮೇಲೆ ಕಪ್ಪು ಹೊಡೀರಿ, ನಿಮ್ಮ ಮಾವನವರಿಗೆ ಗೊತ್ತೇ ಆಗಲ್ಲ."

ಹತ್ತೇ ನಿಮಿಷದಲ್ಲಿ ಪೇಂಟು ಕೀಳುವ ಜೆಲ್ಲಿಯ ಡಬ್ಬ, ರಬ್ಬರು ಗ್ಲೌಸು, ಜಾಕಿ, ಹಿತ್ತಾಳೆ ತಂತಿಯ ಬ್ರಷ್ಷು ಗೋಡೆ ದಾಟಿ ಬಂದವು. ಎಲ್ಲದರ ಮೇಲೂ ಮೂರು ಚುಕ್ಕಿ. ಕೊನೆಗೆ ಇಟ್ಟಿಗೆಗಳೂ ಬಂದವು.

"ಒಂದು ಮೂಲೆಗೆ ನಾಲ್ಕು. ಎರಡು ಉದ್ದ, ಅವುಗಳ ಮೇಲೆ ಎರಡು ಅಡ್ಡ. ಎಷ್ಟು ವರ್ಷ ನಿಂತ್ರೂ ಅಲ್ಲಾಡಲ್ಲ."

ನಮಗೆ ವರ್ಷಗಟ್ಟಲೆ ಬೇಡ, ಐದು ಗಂಟೆಯವರೆಗೆ ಸಾಕು ಎಂದು ಗುಮಾಸ್ತ ನಕ್ಕ. ಯಜಮಾನರು ನಗಲಿಲ್ಲ.

ಜೆಲ್ಲಿ ಬಳಿದು, ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಇಪ್ಪತ್ತು ನಿಮಿಷ ಕಾದರು. ಬಿಚ್ಚಿ ನೋಡಿದರೆ ಬಣ್ಣ ಕಾಯಿಸಿದ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಎದ್ದಿತ್ತು. ಕಬ್ಬಿಣ ತಾಗಿಸಬೇಡಿ, ಅಲಾಯ್ ಚಕ್ರ, ಗೀರು ಬೀಳುತ್ತದೆ ಎಂದು ಯಜಮಾನರು ಪ್ಲಾಸ್ಟಿಕ್ ಪಟ್ಟಿ ಕೊಟ್ಟರು. ಗುಮಾಸ್ತ ಕೆರೆದ. ಹುಟ್ಟಿದಾಗಿನಿಂದ ಬೈಸಿಕೊಂಡೇ ಕೆರೆದವನಿಗೆ ಅಂದು ಮೊದಲ ಸಲ ಹೊಗಳಿಸಿಕೊಂಡು ಕೆರೆಯುವ ಭಾಗ್ಯ. ಅವನ ಸುಖ ಹೇಳತೀರದು.

ಹಸಿರಿನ ಕೆಳಗೆ ನೀಲಿ ಬಂತು. ವಾಸನೆಯ ಜಾಡು ಹಿಡಿದು ಎದುರುಮನೆ ಟೀಚರ್ ತಮ್ಮ ಕುರ್ಚಿಯ ಸಮೇತ ಬಂದರು. ಮುಂದಿನದು ಹಳದಿ ಎಂದು ಟೀಚರ್, ಮತ್ತೆ ಕಪ್ಪೇ ಎಂದು ಯಜಮಾನರು ಪಂಥ ಕಟ್ಟಿದರು. ಬಿಳಿ ಬಂತು. ಬಿಳಿಯ ಕೆಳಗೆ ಬರಿಯ ಲೋಹ, ಫಳಫಳ ಹೊಳೆಯುತ್ತಿತ್ತು.

"ಇಂಥಾ ಚಕ್ರಕ್ಕೆ ಬಣ್ಣ ಹೊಡೆಯೋಕೆ ಯಾರಿಗಾದ್ರೂ ಮನಸ್ಸು ಬರತ್ತಾ?" ಎಂದರು ಟೀಚರ್.

ಒಂದು ಚಕ್ರ ಹೊಳೆದು ಮೂರು ಮಂಕಾಗಿದ್ದರೆ ಯಾವ ಮಾವನಿಗೆ ತಿಳಿಯುವುದಿಲ್ಲ? ಎರಡನೆಯದನ್ನು ಬಿಚ್ಚಿದರು. ಆಮೇಲೆ ಮೂರನೆಯದು. ಕಪ್ಪು ಬಣ್ಣ ತರುವ ಯೋಚನೆ ಎಲ್ಲರಿಗೂ ಮರೆತೇಹೋಯಿತು. ಇದನ್ನು ನೋಡಿದರೆ ಮಾವ ಕೋಪಿಸಿಕೊಳ್ಳುವುದಿರಲಿ, ಅಪ್ಪಿಕೊಳ್ಳುತ್ತಾರೆ ಎಂದು ಟೀಚರ್ ತೀರ್ಪು ಕೊಟ್ಟರು. ಗುಮಾಸ್ತ ಷಡ್ಡಕನ ಹುಳ್ಳಗಾದ ಮುಖವನ್ನು ನೆನೆದುಕೊಂಡೇ ಊಟ ಮುಗಿಸಿದ.

ಮೂರೂವರೆಗೆ ನಾಲ್ಕನೆಯ ಚಕ್ರವನ್ನೂ ತೊಳೆದು ಬೋರಲು ಹಾಕಿದ. ಹಿಂಬದಿಯಲ್ಲಿ ಜೆಲ್ಲಿ ಸೋರಿ ಒಂದಿಷ್ಟು ಬಣ್ಣ ಎದ್ದಿತ್ತು. ಹಿಂಬದಿಯನ್ನು ಯಾರೂ ನೋಡುವುದಿಲ್ಲ, ಬಿಟ್ಟರೆ ಮುಗಿಯುತ್ತಿತ್ತು. ಆದರೆ ಎದ್ದ ಬಣ್ಣವನ್ನು ಬಿಡುವುದು ಅವನ ಜಾತಕದಲ್ಲೇ ಇರಲಿಲ್ಲ.

ಕೆರೆದ. ಕೆಳಗೆ ಮೂರು ಚುಕ್ಕಿ.

ಕೈಯಲ್ಲಿದ್ದ ಬ್ರಷ್ಷನ್ನು ನೋಡಿದ. ಅದರ ಮೇಲೂ ಮೂರು ಚುಕ್ಕಿ. ಹಾಗೇ ಜಾರಿ ಚಕ್ರದ ಮೇಲೆ ಕೂತುಬಿಟ್ಟ.

"ಏಳಿ, ಹಿಂದೆ ಎಷ್ಟು ಬಣ್ಣ ಬಂತು ನೋಡೋಣ" ಎಂದರು ಯಜಮಾನರು.

"ಸುಸ್ತಾಗಿದೆ ಯಜಮಾನರೇ. ಇಲ್ಲೇ ಸ್ವಲ್ಪ ಕೂತಿರ್ತೀನಿ."

"ಒದ್ದೆ ಚಕ್ರದ ಮೇಲಾ?" ಎಂದು ಹೆಂಡತಿ ಕೈಹಿಡಿದು ಎಬ್ಬಿಸಿದಳು.

ಯಜಮಾನರು ಬಗ್ಗಿದರು. ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ಬಗ್ಗಿದರು. ನೆಟ್ಟಗೆ ತಮ್ಮ ಅಂಗಳಕ್ಕೆ ಹೋಗಿ ಟಾರ್ಪಾಲು ಎಳೆದರು. ಕೆಳಗಿದ್ದದ್ದು ಥೇಟು ಮಾವನವರದೇ ಮಾದರಿಯ ಕಾರು. ನಾಲ್ಕು ಮೂಲೆಗೂ ಇಟ್ಟಿಗೆ, ಎರಡು ಉದ್ದ, ಎರಡು ಅಡ್ಡ. ಚಕ್ರ ಮಾತ್ರ ಇರಲಿಲ್ಲ.

"ಹನ್ನೊಂದು ವರ್ಷ ಆಯ್ತು" ಎಂದರು. "ಒಂದು ಬೆಳಿಗ್ಗೆ ಎದ್ದು ನೋಡಿದ್ರೆ ಹೀಗೆ ನಿಂತಿತ್ತು. ಬೀದಿಯೋರ ಮುಂದೆ ಹೇಳ್ಕೊಳ್ಳೋಕೆ ನಾಚಿಕೆ ಆಯ್ತು. ಮುಚ್ಚಿಬಿಟ್ಟೆ."

ಗುಮಾಸ್ತನಿಗೆ ನಿಜವಾಗಿಯೂ ಸಂಕಟವಾಯಿತು. ಕೊಡುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಉಳಿದ ಮೂರರ ಬೆನ್ನನ್ನೂ ಅವನೇ ಕೆರೆದು ತೋರಿಸಿದ. ಗುರುತು ಎಲ್ಲದರಲ್ಲೂ ಇತ್ತು. ಟೀಚರ್ ಒಂದು, ಹೆಂಡತಿ ಒಂದು ಉರುಳಿಸಿಕೊಂಡು ಹೋದರು. ಉಳಿದೆರಡನ್ನು ಅವನೇ ಉರುಳಿಸಿದ. ಇಷ್ಟು ಚೊಕ್ಕವಾಗಿ ತಾವು ಕೂಡ ಇಟ್ಟುಕೊಂಡಿರಲಿಲ್ಲ ಎಂದು ಯಜಮಾನರು ಅವನ ಕೈ ಹಿಡಿದುಕೊಂಡರು. ಟೈರು ನಿಮ್ಮದೇ, ನಾಳೆ ಬಿಚ್ಚಿಸಿ ಕೊಡುತ್ತೇನೆ ಎಂದೂ ಸೇರಿಸಿದರು.

ಐದಕ್ಕೆ ಸರಿಯಾಗಿ ಮಾವ ಆಟೋದಿಂದ ಇಳಿದರು. ಇಟ್ಟಿಗೆಯ ಮೇಲೆ ನಿಂತ ಕಾರನ್ನು ನೋಡಿದರು, ಪಕ್ಕದ ಅಂಗಳದಲ್ಲಿ ಹೊಳೆಯುತ್ತಿದ್ದ ಚಕ್ರಗಳನ್ನು ನೋಡಿದರು. ಮಗಳು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಗುಮಾಸ್ತ ತಲೆ ತಗ್ಗಿಸಿ ಬೈಗುಳಕ್ಕೆ ಕಾದು ನಿಂತ.

ಮಾವ ಮೆಲ್ಲಗೆ ಕೇಳಿದರು: "ಪೊಲೀಸು ಅಂತೇನೂ ಅನ್ನಲಿಲ್ಲ ತಾನೇ?"

ಇಲ್ಲ ಎಂದ ಮೇಲೆ ಅವರು ಮೆಟ್ಟಿಲ ಮೇಲೆ ಕೂತು ಬಾಯಿಬಿಟ್ಟರು. ಯಾರೋ ದಾರಿಬದಿಯಲ್ಲಿ ಈ ಚಕ್ರಗಳನ್ನು ಅಗ್ಗಕ್ಕೆ ಮಾರುತ್ತಿದ್ದ, ಎಲ್ಲಿಯದೆಂದು ಕೇಳದೆ ಕೊಂಡಿದ್ದರು. ಅಂದಿನಿಂದ ನೆಮ್ಮದಿಯಿಲ್ಲ. ಪೇಟೆಯಲ್ಲಿ ಒಬ್ಬ ಚಕ್ರವನ್ನೇ ದಿಟ್ಟಿಸಿದ, ಬಿಳಿ ಬಳಿದರು. ಮೆಕ್ಯಾನಿಕ್ಕು ಚೆನ್ನಾಗಿದೆ ಎಂದ, ನೀಲಿ ಬಳಿದರು. ಕಾರಿನ ಪಕ್ಕ ಯಾರೋ ಬಗ್ಗಿ ಷೂ ಲೇಸು ಕಟ್ಟಿಕೊಂಡ, ಅವತ್ತೇ ಹಸಿರು.

"ಆರು ತಿಂಗಳು ನಿಮ್ಮ ಮನೆ ಮುಂದೆ ನಿಲ್ಲಿಸಿದ್ದೂ ಅದಕ್ಕೇ ಅಳಿಯಂದಿರೇ. ಯಾರೂ ಕೇಳ್ಕೊಂಡು ಬರಲಿಲ್ಲ ಅಂದ್ರೆ ಇವತ್ತು ಏನಾದ್ರೂ ಗೀರು ಹುಡುಕಿ ವಾಪಸ್ ತಗೊಂಡು ಹೋಗೋಣ ಅಂತಿದ್ದೆ."

"ಹಾಗಾದ್ರೆ ನನ್ನ ಹೆಸರಿಗೆ ಮಾಡ್ತೀನಿ ಅಂದಿದ್ದು?"

"ಈಗ ಮಾಡ್ತೀನಲ್ಲ" ಎಂದ ಮಾವ, ಬಾನೆಟ್ಟಿನ ಮೇಲೆ ಕಾಗದ ಹರಡಿ ಸಹಿ ಮಾಡಬೇಕಾದಲ್ಲೆಲ್ಲ ಸರಸರ ಸಹಿ ಮಾಡಿ, ಬಂದ ಆಟೋದಲ್ಲೇ ಹೊರಟುಹೋದರು.

ಗುಮಾಸ್ತ ಕಾಗದ ಹಿಡಿದು ನಿಂತ. ಕಾರು ಅವನದಾಗಿತ್ತು, ಷಡ್ಡಕನಿಗೆ ಸಿಕ್ಕಿರಲಿಲ್ಲ. ಅಷ್ಟರಲ್ಲಿ ಪಕ್ಕದ ಗೇಟು ತೆರೆದು, ಹನ್ನೊಂದು ವರ್ಷದ ಧೂಳಿನ ಕಾರೊಂದು ನಾಲ್ಕು ಬೆಳ್ಳಿಯಂಥ ಚಕ್ರಗಳ ಮೇಲೆ ಹೊರಬಂತು. ಹಿಂದಿನಿಂದ ಟೀಚರ್ ತಳ್ಳುತ್ತಿದ್ದರು. ಯಜಮಾನರು ಕಿಟಕಿಯಿಂದ ತಲೆ ಹೊರಹಾಕಿದರು.

"ಇಟ್ಟಿಗೆ ನಿಧಾನಕ್ಕೆ ಕೊಡಿ ಗುಮಾಸ್ತರೇ, ಅವಸರ ಇಲ್ಲ. ಬೇಕಾದ್ರೆ ಟಾರ್ಪಾಲೂ ಇದೆ."