ಘ್ರಾಣರಾಜನ ಹದ

ಧಾರವಾಡದ ಮಾಳಮಡ್ಡಿಯಲ್ಲಿ ಮನೆಯ ಮುಂದೆ ನಿಂತಿದ್ದ ಹಳೆಯ ಶಾಲಾ ಬಸ್ಸಿಗೆ ಕುಂಕುಮ ಹಚ್ಚಿ, ಗಾಲಿಗಳ ಕೆಳಗೆ ಲಿಂಬೆಹಣ್ಣು ಇಟ್ಟು, ಶ್ರೀಪಾದ ಮಾಸ್ತರರು ಹೆಂಡತಿಯನ್ನು ಒಳಗೆ ಕರೆದರು. ಎಂಟು ತಿಂಗಳು ಅವರು ಅದರೊಳಗೆ ಯಾರನ್ನೂ ಬಿಟ್ಟಿರಲಿಲ್ಲ. ಅಂಬಾಬಾಯಿ ಸೆರಗು ಎತ್ತಿಕೊಂಡು ಮೆಟ್ಟಿಲು ಹತ್ತಿ ನೋಡಿದರು. ಬೆಂಚುಗಳೆಲ್ಲ ಹೋಗಿ ಮೂರು ಮಂಚ, ಒಂದು ದೇವರ ಗೂಡು, ಕಡಪಾ ಕಲ್ಲಿನ ಅಡಿಗೆಕಟ್ಟೆ ಬಂದಿದ್ದವು. ಶೇಂಗಾ ಚಟ್ನಿಪುಡಿಯ ಡಬ್ಬಿಗೆ, ಭಕ್ಕರಿ ಡಬ್ಬಿಗೆ, ಉಪ್ಪಿನಕಾಯಿ ಭರಣಿಗೆ ಒಂದೊಂದು ತೊಗಲಿನ ಪಟ್ಟಿ ಬಿಗಿದಿತ್ತು. ಹಿಂಬದಿಯಲ್ಲಿ ಚಾವಣಿಯಿಂದ ಒಂದು ಮುಚ್ಚಳದ ಗಡಿಗೆ ತೂಗುತ್ತಿತ್ತು. ರಸ್ತೆಯ ಕುಲುಕಾಟಕ್ಕೆ ಕೆನೆಮೊಸರು ತಾನೇ ಕಡೆದುಕೊಂಡು ಬೆಣ್ಣೆಯಾಗುತ್ತದೆ ಎಂದು ಮಾಸ್ತರರು ಹೇಳಿದರು.

ಆದರೆ ಅವರ ಹೆಮ್ಮೆಯೆಲ್ಲ ಒಲೆಯ ಮೇಲೆ ಇಳಿಬಿದ್ದಿದ್ದ ಹಿತ್ತಾಳೆಯ ಮೂಗಿನಲ್ಲಿತ್ತು.

"ಇವನ ಹೆಸರು ಘ್ರಾಣರಾಜ," ಎಂದರು ಮಾಸ್ತರರು. "ಒಳಗ ನೂರಾ ಎಂಟು ತಂತಿ ಅವ. ಒಂದೊಂದು ತಂತಿ ಒಂದೊಂದು ವಾಸನಿಗೆ ನಡಗ್ತದ. ನೀ ಒಲಿ ಮ್ಯಾಲೆ ಪಾತೇಲಿ ಇಟ್ಟು ಸುಮ್ಮನ ನಿಂತುಬಿಡು. ಮುಚ್ಚಳ ಇವನ ಹಾಕ್ತಾನ, ಉರಿ ಇವನ ನೋಡ್ತಾನ, ಹದಾ ಬಂದ ಮ್ಯಾಲೆ ಇವನ ಹೇಳ್ತಾನ. ಇನ್ನ ಮ್ಯಾಲೆ ನಿನ್ನ ಮೂಗು ಇವನ."

ಮಾಸ್ತರರು ಐಟಿಐಯಲ್ಲಿ ಮೂವತ್ತು ವರ್ಷ ವೆಲ್ಡಿಂಗ್ ಕಲಿಸಿ ನಿವೃತ್ತರಾದವರು. ನಿವೃತ್ತಿಯ ಮೇಲೆ ಅವರು ಮಾಡಿದ ಹಪ್ಪಳ ಒಣಗಿಸುವ ಯಂತ್ರ ನಲವತ್ತು ಹಪ್ಪಳಗಳನ್ನು ಎರಡು ಓಣಿ ಆಚೆಯ ದಂತವೈದ್ಯರ ಅಂಗಳಕ್ಕೆ ಎಸೆದಿತ್ತು. ಅವರ ಯಂತ್ರಗಳ ಮುಂದೆ ಮಾತಾಡದೆ ಇರುವುದನ್ನು ಅಂಬಾಬಾಯಿ ಚೆನ್ನಾಗಿ ಕಲಿತಿದ್ದರು.

ಆದರೂ ಈ ಸಲ ಅವರು ಆ ಹಿತ್ತಾಳೆಯ ಮೂಗನ್ನು ಒಮ್ಮೆ ಮುಟ್ಟಿ ನೋಡಿದರು. ಹತ್ತೊಂಬತ್ತು ತಿಂಗಳ ಹಿಂದೆ ಬಂದ ಜ್ವರ ಇಳಿಯುವಾಗ ಅವರ ಮೂಗಿನ ವಾಸನೆಯನ್ನು, ಅದರ ಜೊತೆಗೆ ನಾಲಗೆಯ ರುಚಿಯನ್ನು ಎತ್ತಿಕೊಂಡು ಹೋಗಿತ್ತು. ಅವರ ಮನೆಯಲ್ಲಿ ದೇವರಿಗೆ ನೈವೇದ್ಯವಾಗುವ ತನಕ ಅಡಿಗೆಯನ್ನು ಯಾರೂ ನಾಲಗೆಗೆ ಹಚ್ಚುವ ಪದ್ಧತಿಯಿಲ್ಲ. ನಲವತ್ತು ವರ್ಷ ಉಪ್ಪು, ಹುಳಿ, ಹದ ಎಲ್ಲವನ್ನೂ ಅಂಬಾಬಾಯಿ ಬರೀ ಮೂಗಿನಿಂದ ನೋಡಿದವರು. ಜ್ವರ ಬಿಟ್ಟ ಮೇಲೆ, ಕೈಗೆ ರೂಢಿಯಿದೆಯಲ್ಲ ಎಂಬ ಧೈರ್ಯದಿಂದ ಮೂವತ್ತು ಜನಕ್ಕೆ ಹಯಗ್ರೀವ ಮಾಡಿದರು. ಕಡಲೆಬೇಳೆ, ಬೆಲ್ಲ, ತುಪ್ಪ ಸೇರಿದ ಆ ಸಿಹಿ ಕಣ್ಣು ಮಿಟುಕಿಸುವಷ್ಟರಲ್ಲಿ ತಳ ಹತ್ತುತ್ತದೆ. ಅವತ್ತೂ ಹತ್ತಿತು. ಮೂವತ್ತು ಜನವೂ ಉಂಡು "ಛಲೋ ಆಗ್ಯದ ಅಂಬಕ್ಕಾ" ಎಂದು ಹೇಳಿ ಕೈತೊಳೆದರು. ಮೂರು ದಿನದ ಮೇಲೆ ಬಚ್ಚಲಿನ ಹಿಂದೆ, ಹುಣಸೆಹಣ್ಣು ತುಂಬಿ ಮುಚ್ಚಿಟ್ಟಿದ್ದ ಕರಿಯ ತಳದ ಪಾತೇಲಿ ಅವರ ಕಣ್ಣಿಗೆ ಬಿತ್ತು. ಅವತ್ತಿನಿಂದ ಅವರು ಅಡಿಗೆಮನೆಗೆ ಕಾಲಿಟ್ಟಿರಲಿಲ್ಲ; ಅಡಿಗೆಗೆ ಒಬ್ಬಾಕೆ ಬಂದು ಹೋಗುತ್ತಿದ್ದಳು.

ಈಗ ಕುಮಟಾದಲ್ಲಿ ಮಗಳ ಮನೆಯಲ್ಲಿರುವ ಸೋದರತ್ತೆ ಚಂಪಾಬಾಯಿ ಫೋನು ಮಾಡಿಸಿದ್ದರು. ಅಂಬಾಬಾಯಿಗೆ ಸೌಟು ಹಿಡಿಯುವುದನ್ನು ಕಲಿಸಿದವರೇ ಅವರು. ಎಂಬತ್ತಾರು ವಯಸ್ಸು, ಕಣ್ಣು ಮಂಜಾಗಿತ್ತು. "ಅಂಬೀ, ನಿನ್ನ ಕೈಯಾಗಿನ ಹಯಗ್ರೀವ ಒಮ್ಮೆ ತಿನಿಸು. ಆಮ್ಯಾಲೆ ನಾ ಏನೂ ಕೇಳೂದಿಲ್ಲ," ಎಂದಿದ್ದರು. ಮೂಗಿನ ವಿಷಯ ಅತ್ತೆಗೆ ಗೊತ್ತಿರಲಿಲ್ಲ. ಅಂಬಾಬಾಯಿ ಹೂಂ ಅಂದುಬಿಟ್ಟಿದ್ದರು. ಅಂದಿನಿಂದ ಅವರಿಗೆ ಸರಿಯಾಗಿ ನಿದ್ದೆಯಿರಲಿಲ್ಲ.

ಹೊರಡುವ ಮುಂಚೆ ಪ್ರಾತ್ಯಕ್ಷಿಕೆಗೆಂದು ಉಪ್ಪಿಟ್ಟಿಗೆ ಇಟ್ಟರು. ಘ್ರಾಣರಾಜ ಮುಚ್ಚಳ ಇಳಿಸಿ ಕೀಲಿ ಹಾಕಿಕೊಂಡ. ಬಹಳ ಹೊತ್ತಾಯಿತು. ಕೊನೆಗೆ ರೇಲ್ವೆ ಸ್ಟೇಷನ್ನಿನ ಧ್ವನಿಯಲ್ಲಿ ಘೋಷಿಸಿದ: "ಪಾಕ ಹದಕ್ಕೆ ಬಂದಿದೆ. ಶುಭಭೋಜನ."

ಮಾಸ್ತರರು ಒಂದು ತುತ್ತು ತಿಂದರು. ಬಸ್ಸು ಓಡಿಸಲು ಬಂದಿದ್ದ ಅಂಬಾಬಾಯಿಯ ತಮ್ಮ ಪಲ್ಹಾದನೂ ಒಂದು ತುತ್ತು ತಿಂದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಛಲೋ ಆಗ್ಯದ ಅಕ್ಕಾ," ಎಂದ ಪಲ್ಹಾದ, ನೀರಿನ ತಂಬಿಗೆಗೆ ಕೈಚಾಚುತ್ತ.

ಅಂಬಾಬಾಯಿ ತಮ್ಮನ ಮುಖವನ್ನೇ ನೋಡಿದರು. ಆ ತರಹ ಅಗಿಯುವುದನ್ನು ಅವರು ಒಮ್ಮೆ ನೋಡಿದ್ದರು. ಅವತ್ತು ಮೂವತ್ತು ಜನ ಹೀಗೇ ಅಗಿದಿದ್ದರು.

ಹಾವೇರಿ ದಾಟುವಾಗ ಗಡಿಗೆಯಲ್ಲಿ ಬೆಣ್ಣೆ ಬಂದಿತ್ತು. ನಿಂಬೆಗಾತ್ರದ ಎರಡು ಮುದ್ದೆ! ತಂತಿಯಿಲ್ಲದ ಒಂದೇ ಒಂದು ಯೋಜನೆ ಫಲಿಸಿತೆಂದು ಮಾಸ್ತರರು ಹಿಗ್ಗಲೋ ಬೇಡವೋ ಎಂದು ಯೋಚಿಸುತ್ತಿದ್ದರು. ಬ್ಯಾಡಗಿಯ ಕಡೆಯಿಂದ ಮೆಣಸಿನಕಾಯಿಯ ಘಾಟು ಬಂದು ಗಂಡಸರಿಬ್ಬರೂ ಸೀನತೊಡಗಿದರು. ಅಂಬಾಬಾಯಿಗೆ ಸೀನು ಬರಲಿಲ್ಲ. ಅವರು ಕಿಟಕಿಯಾಚೆ ನೋಡುತ್ತ ಕೂತರು.

ಒಂದು ಹುಣಸೆಮರದ ನೆರಳಿಗೆ ಬಸ್ಸು ನಿಲ್ಲಿಸಿ ಮಧ್ಯಾಹ್ನದ ಊಟಕ್ಕೆ ಬದನೆಕಾಯಿ ಹುಳಿ ಇಟ್ಟರು. ಘ್ರಾಣರಾಜ ಮತ್ತೆ "ಶುಭಭೋಜನ" ಅಂದ. ಗಂಡಸರು ಮತ್ತೆ ಛಲೋ ಆಗ್ಯದ ಅಂದರು. ಈ ಸಲ ಅಂಬಾಬಾಯಿ ಹುಳಿಯನ್ನೆಲ್ಲ ಬೇರೆ ಪಾತ್ರೆಗೆ ಸುರಿದು, ಪಾತೇಲಿಯನ್ನು ಗಂಡನ ಮುಂದೆ ಕವುಚಿ ಹಿಡಿದರು. ತಳದಲ್ಲಿ ಬದನೆಕಾಯಿ ಕಲ್ಲಿದ್ದಲಾಗಿ ಅಂಟಿಕೊಂಡಿತ್ತು.

"ಇದಕ್ಕ ಹದಾ ಯಾವುದಂತ ಕಲಿಸಿದವರು ಯಾರು?"

ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. "ನಾನ."

"ಏನು ತೋರಿಸಿ ಕಲಿಸಿದ್ರಿ?"

"ನಿನ್ನ ಕೈ ಅಡಿಗಿ ಬೇಕಾಗಿತ್ತು. ಅಡಿಗಿಯಾಕೀದು ತೋರಿಸಿದ್ರ ಅವ ಅಡಿಗಿಯಾಕೀ ಆಗ್ತಿದ್ದ." ಮಾಸ್ತರರ ಧ್ವನಿ ಸಣ್ಣದಾಯಿತು. "ನಿನ್ನ ಕೈಯಿಂದ ಆದದ್ದು ಒಂದ ಡಬ್ಬಿ ಉಳದಿತ್ತು. ಫ್ರಿಜ್ಜಿನ ಮ್ಯಾಲಿನ ಖಣದಾಗ, ಐಸಿನ ಹಿಂದ ಇಟ್ಟಿದ್ದೆ. ಆ ಹಯಗ್ರೀವ."

ಪಲ್ಹಾದ ಬಸ್ಸಿನ ಗಾಲಿ ನೋಡಿಕೊಂಡು ಬರುತ್ತೇನೆಂದು ಕೆಳಗಿಳಿದ.

"ಸುಟ್ಟದ್ದು ಅಂತ ನಿಮಗ ಗೊತ್ತಿತ್ತು."

"ಗೊತ್ತಿತ್ತು. ಆದ್ರ ಅಂಬಾ, ಹತ್ತೊಂಬತ್ತು ತಿಂಗಳು ಎಲ್ಲಾರ ಮುಂದ ಛಲೋ ಆಗಿತ್ತು, ಛಲೋ ಆಗಿತ್ತು ಅಂತ ಹೇಳಿ ಹೇಳಿ ನನಗೂ ಖರೇ ಅನಿಸಿಬಿಟ್ಟಿತ್ತು."

ಅಂಬಾಬಾಯಿಗೆ ಸಿಟ್ಟು ಬಂತು. ಸಿಟ್ಟಿನ ಕೆಳಗೆ ಇನ್ನೇನೋ ಬಂತು. ಐಸಿನ ಹಿಂದೆ ಆ ಡಬ್ಬಿಯನ್ನು ಬಚ್ಚಿಟ್ಟ ಮನುಷ್ಯನನ್ನು ಬೈಯುವ ಬದಲು ಪಾತೇಲಿ ತಿಕ್ಕಲು ಕೂತರು. ನಾಳೆ ಮಧ್ಯಾಹ್ನ ಅತ್ತೆಯ ಮುಂದೆ ಎಲೆ ಹಾಕಬೇಕು. ಅತ್ತೆಯೂ ಹೀಗೇ ಅಗಿಯುತ್ತ ಛಲೋ ಆಗ್ಯದ ಅಂದರೆ ತಾನು ಮತ್ತೆ ಸೌಟು ಮುಟ್ಟುವುದಿಲ್ಲವೆಂದು ಮನಸ್ಸಿನಲ್ಲೇ ನಿಶ್ಚಯಿಸಿದರು.

ಶಿರಸಿಯಲ್ಲಿ ತಂಗಿ, ಬೆಳಿಗ್ಗೆ ಮಾಸ್ತರರು ಒಂದು ಖಾನಾವಳಿಯಿಂದ ಬಿಸಿ ಕಾಯಿಹೋಳಿಗೆ ಕಟ್ಟಿಸಿಕೊಂಡು ಬಂದರು. ಕಲಿತದ್ದನ್ನು ಮರೆಸಿ ಒಳ್ಳೆಯ ವಾಸನೆ ಕಲಿಸುವ ಯೋಚನೆ ಅವರದು. ದೇವಿಮನೆ ಘಟ್ಟ ಇಳಿಯುವಾಗ ಹೋಳಿಗೆಯನ್ನು ಪಾತೇಲಿಗೆ ಹಾಕಿ ಘ್ರಾಣರಾಜನ ಕೆಳಗಿಟ್ಟರು. ಘ್ರಾಣರಾಜ ಮೂಸಿದ.

"ಅಶುದ್ಧ ವಾಸನೆ ಪತ್ತೆಯಾಗಿದೆ. ತಿದ್ದುಪಡಿ ಆರಂಭ."

ಮುಚ್ಚಳ ಬಿತ್ತು, ಉರಿ ಭುಗ್ಗೆಂದಿತು. ಮಾಸ್ತರರು ಗುಂಡಿಗಳನ್ನೆಲ್ಲ ಒತ್ತಿದರು. ಗುಂಡಿಗಳು ಅವರ ಮಾತು ಕೇಳುವ ಕಾಲ ಮುಗಿದಿತ್ತು. ಬಸ್ಸಿನ ನೆತ್ತಿಯ ಕೊಳವೆಯಿಂದ ಕರಿಹೊಗೆ ಎದ್ದು ತಿರುವಿನಿಂದ ತಿರುವಿಗೆ ಹಿಂದೆಯೇ ಬಂತು. ಹಿಂದಿದ್ದ ಲಾರಿ ಹಾರ್ನ್ ಹೊಡೆದು, ಮುಂದೆ ಬಂದು ಅಡ್ಡ ನಿಂತಿತು. ಅದರ ಹಿಂದಿದ್ದ ಮದುವೆ ದಿಬ್ಬಣದ ವ್ಯಾನಿನಿಂದ ಜನ ಇಳಿದು ಬಿಂದಿಗೆ, ಕೊಡ, ಗಂಗಾಳ ಹಿಡಿದು ಝರಿಯ ನೀರಿಗೆ ಓಡಿದರು. ಬಾಗಿಲು ತೆರೆದು ಏನೋ ಹೇಳಲು ಹೋದ ಪಲ್ಹಾದನ ನೆತ್ತಿಯ ಮೇಲೆ ಮೊದಲನೆಯ ಕೊಡ ಬಿತ್ತು, ಎರಡನೆಯದೂ ಬಿತ್ತು.

"ಬೆಂಕಿ ಅಲ್ರೀ, ಅಡಿಗಿ," ಎಂದ ಪಲ್ಹಾದ, ಬಾಯಿಂದ ನೀರು ಉಗುಳುತ್ತ.

"ಎಂಥ ಅಡಿಗೆ?" ಎಂದು ಲಾರಿಯವನು ಕೇಳಿದ.

"ಹೋಳಿಗಿ."

ಲಾರಿಯವನು ಅವನನ್ನು ಬಹಳ ಹೊತ್ತು ನೋಡಿ, ಹೆಗಲ ಮೇಲಿನ ಟವೆಲು ತೆಗೆದು ಕೊಟ್ಟು ಹೋದ. ಬಸ್ಸಿನೊಳಗಿಂದ ಘ್ರಾಣರಾಜ ಎಲ್ಲರಿಗೂ ಶುಭಭೋಜನ ಕೋರಿದ.

ಮಾಸ್ತರರು ಅಲ್ಲೇ ಯಂತ್ರದ ಕರೆಂಟಿನ ತಂತಿ ಕಿತ್ತರು. "ಇನ್ನ ಇದು ಬರೇ ಹಿತ್ತಾಳಿ," ಎಂದು ಹೆಂಡತಿಗೆ ಮಾತು ಕೊಟ್ಟರು. ಚಾವಣಿಯ ಮೇಲೆ ತಾವೇ ಕೂರಿಸಿದ್ದ ಸೌರಫಲಕದಿಂದ ಇನ್ನೊಂದು ತಂತಿ ಬಂದಿರುವುದು ಅವರಿಗೆ ಮರೆತೇಹೋಗಿತ್ತು.

ಕುಮಟಾದ ಮನೆಯ ಮುಂದೆ ಹನ್ನೊಂದು ಗಂಟೆಯ ಬಿಸಿಲಿಗೆ ಬಸ್ಸು ನಿಂತಿತು. ಅತ್ತೆಯ ಮಗಳು ಕುರ್ಚಿ ತಂದು ಬಸ್ಸಿನ ಮೆಟ್ಟಿಲಿನ ಬಳಿ ಹಾಕಿ ಚಂಪಾಬಾಯಿಯನ್ನು ಕೂರಿಸಿದಳು. ಅಂಬಾಬಾಯಿ ಬಸ್ಸಿನ ಒಲೆಯ ಮೇಲೆಯೇ, ದಾರಿಯಲ್ಲಿ ಕಡೆದ ಬೆಣ್ಣೆ ಕಾಯಿಸಿ ತುಪ್ಪ ಮಾಡಿದರು. ಬೇಳೆ ಬೇಯಿಸಿ, ಬೆಲ್ಲ ಹಾಕಿ, ಕೈಯಾಡಿಸತೊಡಗಿದರು. ಹತ್ತೊಂಬತ್ತು ತಿಂಗಳ ಮೇಲೆ ಕೈಗೆ ಸೌಟಿನ ಭಾರ ಹಿತವೆನಿಸಿತು. ಏಲಕ್ಕಿ ಪುಡಿ ತರಲು ಈ ಕಡೆ ತಿರುಗಿದರೋ ಇಲ್ಲವೋ, ಬಿಸಿಲು ಕುಡಿದು ಎಚ್ಚರಗೊಂಡಿದ್ದ ಘ್ರಾಣರಾಜ ಠಣ್ಣೆಂದು ಮುಚ್ಚಳ ಇಳಿಸಿ ಕೀಲಿ ಹಾಕಿಕೊಂಡ.

ಮಾಸ್ತರರು ಸ್ಕ್ರೂಡ್ರೈವರ್ ಹಿಡಿದು ಹೋರಾಡಿದರು. ಪಲ್ಹಾದ ಲಟ್ಟಣಿಗೆಯಿಂದ ಹೊಡೆದ. ಕೀಲಿ ಬಿಟ್ಟಾಗ ಯಂತ್ರ ತನ್ನ ಕೆಲಸ ಮುಗಿಸಿತ್ತು. "ಪಾಕ ಹದಕ್ಕೆ ಬಂದಿದೆ."

ಅಂಬಾಬಾಯಿ ಪಾತೇಲಿಯ ಮುಂದೆ ನಿಂತರು. ಮೇಲ್ಭಾಗ ಹೊಂಬಣ್ಣಕ್ಕೇ ಇತ್ತು. ತಳದಲ್ಲಿ ಏನಾಗಿದೆಯೆಂದು ಅವರಿಗೆ ಗೊತ್ತಿತ್ತು.

"ಮ್ಯಾಲಿಂದ ಮ್ಯಾಲೆ ತಗದು ಬಡಸು," ಎಂದು ಮಾಸ್ತರರು ಪಿಸುಗುಟ್ಟಿದರು. "ವಯಸ್ಸಾದವರು, ತಿಳಿಯೂದಿಲ್ಲ. ನಾವೆಲ್ಲಾ ಛಲೋ ಆಗ್ಯದ ಅನ್ನೂಣು."

ಅಷ್ಟರಲ್ಲಿ ಹೊರಗಿನಿಂದ ಚಂಪಾಬಾಯಿಯ ಧ್ವನಿ ಕೇಳಿತು, ಐವತ್ತು ವರ್ಷದ ಹಿಂದಿನದೇ ಧ್ವನಿ.

"ಅಂಬೀ, ತಳಾ ಹತ್ತಿಸೀಯಲ್ಲ. ಎಲ್ಲೆ ನೋಡ್ಕೋತ ನಿಂತಿದ್ದಿ?"

ಅಂಬಾಬಾಯಿ ಮೆಟ್ಟಿಲಿನ ಮೇಲೆ ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಮಾಸ್ತರರು ಗಾಬರಿಯಾಗಿ ಅತ್ತೆಯ ಕಡೆ ಕೈಸನ್ನೆ ಮಾಡಿದರು. ಅತ್ತೆಯ ಮಂಜುಗಣ್ಣಿಗೆ ಅದು ಕಾಣಲಿಲ್ಲ. ಕಂಡಿದ್ದರೂ ಅವರು ಸುಮ್ಮನಾಗುವವರಲ್ಲ. ಆದರೆ ಅಂಬಾಬಾಯಿಗೆ ಬಂದದ್ದು ದುಃಖದ ಅಳುವಲ್ಲ. ಅಷ್ಟು ತಿಂಗಳಲ್ಲಿ ಮೊದಲ ಸಲ ಒಬ್ಬರು ಅವರಿಗೆ ಇದ್ದದ್ದನ್ನು ಇದ್ದಂತೆ ಹೇಳಿದ್ದರು.

"ಅತ್ಯಾ, ನನಗ ವಾಸನಿ ಬರೂದಿಲ್ಲ. ಜ್ವರಾ ಬಂದಾಗ ಹೋತು."

ಚಂಪಾಬಾಯಿ ಕೈ ಚಾಚಿ ಸೊಸೆಯ ತಲೆಯನ್ನು ಹುಡುಕಿ ಹಿಡಿದರು. "ಮೊದಲ ಹೇಳಬಾರದೇನು, ಹುಚ್ಚಿ? ನನಗ ಬರ್ತದಲ್ಲ. ಬೇಳಿ ಉಳದದ ಏನು?"

ಬೇಳೆ ಅರ್ಧ ಉಳಿದಿತ್ತು. ಅಂಗಳದಲ್ಲಿ ಮೂರು ಇಟ್ಟಿಗೆ ಇಟ್ಟು ತೆಂಗಿನ ಗರಿ ಹಚ್ಚಿದರು. ಘ್ರಾಣರಾಜನ ತಂತಿಗಳನ್ನೆಲ್ಲ ಎಣಿಸಿ ಕಿತ್ತು, ಮೂಗಿಗೆ ಗೋಣಿಚೀಲ ಸುತ್ತಿ ಬಸ್ಸಿನ ಮೂಲೆಗೆ ಇಟ್ಟರು. ಚಂಪಾಬಾಯಿ ಗಾಳಿಯ ಕಡೆ ಮುಖ ಮಾಡಿ ಕೂತು, ಹೊಗೆಯೊಳಗಿಂದ ವಾಸನೆ ಆರಿಸಿಕೊಳ್ಳುತ್ತ ಹೇಳುತ್ತಿದ್ದರು: "ಈಗ ಬೆಲ್ಲ ಕರಗ್ತು... ಕೈ ನಿಲ್ಲಸಬ್ಯಾಡ... ತುಪ್ಪಾ ಹಾಕು... ಸ್ವಲ್ಪ ತಡಿ... ಇಳಸು." ಅಂಬಾಬಾಯಿ ಇಳಿಸಿದರು.

ನೈವೇದ್ಯವಾಯಿತು. ಎಲೆಯ ಮುಂದೆ ಚಂಪಾಬಾಯಿ ಒಂದು ತುತ್ತು ಬಾಯಿಗಿಟ್ಟು ನಿಧಾನಕ್ಕೆ ಅಗಿದರು. ಅಂಬಾಬಾಯಿ ಆ ಬಾಯಿಯನ್ನೇ ನೋಡುತ್ತಿದ್ದರು.

"ಏಲಕ್ಕಿ ಒಂದೀಟು ಹೆಚ್ಚಾಗ್ಯದ," ಎಂದರು ಚಂಪಾಬಾಯಿ. "ಇನ್ನೊಂದು ಸೌಟು ಹಾಕು."

ಅಂಬಾಬಾಯಿಗೆ ಆ ಮಾತು ಎಷ್ಟು ಸವಿಯೆನಿಸಿತೆಂದರೆ, ಒಂದು ಸೌಟಿನ ಬದಲು ಮೂರು ಸೌಟು ಬಡಿಸಿಬಿಟ್ಟರು.

ನಾಲ್ಕು ದಿನ ಇದ್ದು, ದಿನವೂ ಅತ್ತೆಯ ಕೈಲಿ ಬೈಸಿಕೊಂಡು ಅಡಿಗೆ ಮಾಡಿ, ಐದನೆಯ ದಿನ ಬೆಳಿಗ್ಗೆ ಹೊರಟರು. ದೇವಿಮನೆ ಘಟ್ಟ ಹತ್ತುವಾಗ ಬಸ್ಸು ಏದುಸಿರು ಬಿಡತೊಡಗಿತು. ಪಲ್ಹಾದ ಮೂಗು ಅರಳಿಸಿದ, ಭಾವನ ಕಡೆ ನೋಡಿದ. ಮಾಸ್ತರರೂ ಮೂಗು ಅರಳಿಸಿ, ಹೆಂಡತಿಯ ಕಡೆ ನೋಡಿ, ಏನೂ ಇಲ್ಲವೆಂಬಂತೆ ಕೈಯಾಡಿಸಿದರು.

"ಗಾಡಿ ಹ್ಯಾಂಗ ಹೊಂಟದೋ?" ಎಂದು ಅಂಬಾಬಾಯಿ ಕೇಳಿದರು.

"ಛಲೋ ಹೊಂಟದ ಅಕ್ಕಾ," ಎಂದ ಪಲ್ಹಾದ. ಮಾಸ್ತರರೂ "ಛಲೋ ಹೊಂಟದ," ಎಂದರು.

ಆಗ ಒಂದು ತಂತಿಯೂ ಇಲ್ಲದ ಮೂಲೆಯಿಂದ, ಎಲ್ಲಿಂದ ಶಕ್ತಿ ತಂದುಕೊಂಡನೋ ದೇವರೇ ಬಲ್ಲ, ಗೋಣಿಚೀಲದೊಳಗೆ ಘ್ರಾಣರಾಜ ತೃಪ್ತಿಯಿಂದ ಘೋಷಿಸಿದ: "ಪಾಕ ಹದಕ್ಕೆ ಬಂದಿದೆ. ಶುಭಭೋಜನ."

ಅಂಬಾಬಾಯಿ ಮಡಿಲಲ್ಲಿದ್ದ ಚಟ್ನಿಪುಡಿಯ ಡಬ್ಬಿಯ ಮುಚ್ಚಳ ಬಿಗಿದರು.

"ಗಾಡಿ ನಿಲ್ಲಸೋ ಪಲ್ಹಾದ. ಮೂರೂ ಮಂದಿ ಛಲೋ ಅಂದ್ರಿ ಅಂದಮ್ಯಾಲೆ, ಎಲ್ಲೋ ಏನೋ ಸುಡ್ಲಿಕ್ಕತ್ತದ."